ಸಿನಿಮಾಕ್ಕಿಂತ ಮೊದಲೇ ಹುಟ್ಟುವ ಗೊಂಬೆಗಳು

ಹೋದ ದಸರೆಯ ಹಿಂದಿನ ದಿನ ಅಮ್ಮ ಪಟ್ಟದ ಗೊಂಬೆಗಳಿಗೆ ಹೊಸ ಜರಿ ಬಟ್ಟೆ ಸುತ್ತುತ್ತಾ ಕೂತಿದ್ದರು. ಮೆಟ್ಟಿಲು ಜೋಡಿಸುವ ಕೆಲಸ ನನ್ನದು. ನಡುವೆ ಮೊಬೈಲಿಗೆ ಒಂದು ಫೋಟೊ ಬಂತು. ಇನ್ನೂ ತೆರೆಗೆ ಬಾರದ ಒಂದು ಸಿನಿಮಾದ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ಮಡಚಬಹುದಾದ ಪ್ಲಾಸ್ಟಿಕ್ ಗೊಂಬೆ, ಆರಿಂಚಿನದು, ಒಂದು ಮಂಡಿ ಊರಿ ಕೂತಿದೆ. ಮೆಟ್ಟಿಲಿನ ಹಲಗೆ ಅಲ್ಲೇ ಗೋಡೆಗೆ ಒರಗಿಸಿ ಮುಂಗಡ ಕಟ್ಟಿಬಿಟ್ಟೆ. ಅಮ್ಮ ಕನ್ನಡಕದ ಮೇಲಿಂದ ನೋಡಿ, "ಯಾರೋ ಇವನು?" ಅಂದರು.

"ಗೊತ್ತಿಲ್ಲಮ್ಮ. ಸಿನಿಮಾ ಬರೋದು ಇನ್ನೂ ತಡ."

"ಒಳ್ಳೆಯವನೋ ಕೆಟ್ಟವನೋ?"

"ಅದೂ ಗೊತ್ತಿಲ್ಲ."

"ಅಲ್ವೋ, ಗಂಡಿನ ಮುಖ ನೋಡದೆ ಲಗ್ನಪತ್ರಿಕೆ ಬರೆಸಿದ ಹಾಗಾಯ್ತಲ್ಲೋ ಇದು!"

ನ್ಯಾಯವಾದ ಮಾತು. ನನ್ನಂಥ ಗೊಂಬೆ ಸಂಗ್ರಹದ ಹುಚ್ಚಿನವರು ಜಗತ್ತಿನ ತುಂಬ ಇದ್ದಾರೆ. ಬಂದ ಗೊಂಬೆಗಿಂತ ಬರಲಿರುವ ಗೊಂಬೆಯ ಸುದ್ದಿಗೇ ನಮಗೆ ಹೆಚ್ಚು ಸಂಭ್ರಮ. ಸಿನಿಮಾ ನೋಡದೆಯೇ ಅದರ ಗೊಂಬೆ ಬೇಕು ಅನ್ನಿಸುವುದು ಹೇಗೆ? ಸಿನಿಮಾ ಮುಗಿಯುವ ಮೊದಲೇ ಕಂಪನಿಗಳು ಗೊಂಬೆ ಮಾಡುವುದಾದರೂ ಹೇಗೆ? ಅವತ್ತು ಅಮ್ಮನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಖಾಲಿ ಲಕೋಟೆಯ ಕ್ರಿಸ್‌ಮಸ್

ಈ ಕಾಯುವ ಕಾಯಿಲೆ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಸಂಗ್ರಹಕಾರರೆಲ್ಲ ಒಂದೇ ಇಸವಿ ಹೇಳುತ್ತಾರೆ: 1977. ಆ ವರ್ಷ ಮೇ 25ರಂದು ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ತೆರೆಕಂಡಿತು. ಅದರ ಗೊಂಬೆ ಮಾಡುವ ಹಕ್ಕು ಓಹಾಯೊ ರಾಜ್ಯದ ಸಿನ್ಸಿನಾಟಿಯ ಕೆನ್ನರ್ ಎಂಬ ಆಟಿಕೆ ಕಂಪನಿಯ ಕೈಯಲ್ಲಿತ್ತು. ಆ ಕಾಲಕ್ಕೆ ಇಂಥ ಗೊಂಬೆಗಳಲ್ಲಿ ದೊಡ್ಡ ಹೆಸರು ಮೀಗೊ ಕಂಪನಿಯದು. ಅವರು ಈ ಹಕ್ಕನ್ನು ಬೇಡ ಎಂದು ಬಿಟ್ಟಿದ್ದರು. ಆಟಿಕೆ ಉದ್ಯಮದಲ್ಲಿ ಇಂದಿಗೂ ಯಾರಾದರೂ ಕೈಗೆ ಬಂದ ಲಕ್ಷ್ಮಿಯನ್ನು ಕಳೆದುಕೊಂಡರೆ ಮೀಗೊ ಹೆಸರು ಬಂದೇ ಬರುತ್ತದೆ. ಬೇಡ ಎಂದದ್ದರಲ್ಲಿ ವಿಶೇಷವೇನಿರಲಿಲ್ಲ. ಆಗಿನ ಸಿನಿಮಾಗಳು ಬಂದು ಕೆಲವೇ ವಾರಗಳಲ್ಲಿ ಹೋಗುತ್ತಿದ್ದವು, ಗೊಂಬೆ ಅಂಗಡಿಗೆ ಬರುವಷ್ಟರಲ್ಲಿ ಸಿನಿಮಾವನ್ನೇ ಜನ ಮರೆತಿರುತ್ತಿದ್ದರು.

ಈ ಸಿನಿಮಾ ಹೋಗಲಿಲ್ಲ. ತಿಂಗಳುಗಟ್ಟಲೆ ಓಡಿತು. ಮಕ್ಕಳು ಗೊಂಬೆ ಬೇಕು ಎಂದು ಹಟ ಹಿಡಿದರು. ಗೊಂಬೆಯೊಂದು ಕಾಗದದ ಮೇಲಿನ ಚಿತ್ರದಿಂದ ಅಂಗಡಿಯ ಕೊಕ್ಕೆಗೆ ಬರಲು ವರ್ಷದ ಹತ್ತಿರ ಹಿಡಿಯುತ್ತದೆ. ಕ್ರಿಸ್‌ಮಸ್ಸಿಗೆ ಉಳಿದದ್ದು ಏಳೇ ತಿಂಗಳು. ಕೆನ್ನರ್‌ನವರು ಏನು ಮಾಡಿದರು ಗೊತ್ತೆ? ಗೊಂಬೆಯೇ ಇಲ್ಲದ ಗೊಂಬೆಯನ್ನು ಮಾರಿದರು. ರಟ್ಟಿನ ಒಂದು ಚಪ್ಪಟೆ ಲಕೋಟೆ. ಒಳಗೆ ಗೊಂಬೆಗಳನ್ನು ನಿಲ್ಲಿಸಲು ಮಡಚುವ ಒಂದು ರಟ್ಟಿನ ಹಿನ್ನೆಲೆ, ಸ್ಟಿಕರುಗಳು, ಒಂದು ಕ್ಲಬ್ಬಿನ ಸದಸ್ಯತ್ವದ ಕಾರ್ಡು, ಮತ್ತು ಒಂದು ಪ್ರಮಾಣಪತ್ರ. ಆ ಪತ್ರವನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆಗಳು ಮನೆಗೆ ಬರುತ್ತವೆ: ಲ್ಯೂಕ್, ರಾಜಕುಮಾರಿ ಲೀಯಾ, ಚ್ಯೂಬಾಕಾ, ಆರ್‌2-ಡಿ2. ಇದರ ಹೆಸರು 'ಅರ್ಲಿ ಬರ್ಡ್'.

ಆಗಲೂ ನಕ್ಕವರಿದ್ದರು, ಖಾಲಿ ಡಬ್ಬ ಮಾರುತ್ತಾರೆ ಎಂದು. 1978ರ ಆರಂಭದಲ್ಲಿ ಬಿಳಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಮಲಗಿಸಿದ ನಾಲ್ಕು ಗೊಂಬೆಗಳು ಅಂಚೆಯಲ್ಲಿ ಬಂದವು. ಆಮೇಲೆ ಅಂಗಡಿಗಳಿಗೆ ಪೂರ್ತಿ ಹನ್ನೆರಡು ಪಾತ್ರಗಳು ಬಂದವು. ಆ ಒಂದೇ ವರ್ಷ ಕೆನ್ನರ್ ಮಾರಿದ ಸ್ಟಾರ್ ವಾರ್ಸ್ ಆಟಿಕೆಗಳ ಲೆಕ್ಕ 4 ಕೋಟಿಯ ಆಸುಪಾಸಿನದು. ನಿರ್ದೇಶಕ ಜಾರ್ಜ್ ಲೂಕಸ್ ಅದಕ್ಕೂ ಮೊದಲೇ, ಸಂಭಾವನೆ ಏರಿಸಿ ಕೇಳುವ ಬದಲು ಸರಕು ಮಾರುವ ಹಕ್ಕನ್ನೂ ಮುಂದಿನ ಭಾಗಗಳ ಹಕ್ಕನ್ನೂ ತಮ್ಮಲ್ಲೇ ಉಳಿಸಿಕೊಂಡಿದ್ದರು. ಆಟಿಕೆಯ ದುಡ್ಡಿನ ಹೊಳೆ ಹರಿದದ್ದು ಅವರ ಮನೆಯ ಕಡೆಗೆ.

ಆ ರಟ್ಟಿನ ಲಕೋಟೆಯಲ್ಲಿ ಇವತ್ತಿನ ಪ್ರೀ-ಆರ್ಡರ್ ಪೂರ್ತಿಯಾಗಿ ಅಡಗಿದೆ. ದುಡ್ಡು ಈಗ, ಗೊಂಬೆ ಆಮೇಲೆ. ಒಂದೇ ವ್ಯತ್ಯಾಸವೆಂದರೆ ಆ ಮಕ್ಕಳು ಸಿನಿಮಾವನ್ನಾದರೂ ನೋಡಿದ್ದರು.

ಸಿನಿಮಾ ನೋಡದೆಯೇ ಗೊಂಬೆಗೆ ಬೀಳುವುದು ಶುರುವಾದದ್ದು 1979ರಲ್ಲಿ. ಎರಡನೆಯ ಭಾಗ ಬರಲು ಇನ್ನೂ ಒಂದು ವರ್ಷವಿತ್ತು. ಅದರಲ್ಲಿ ಬರಲಿರುವ ಬೋಬಾ ಫೆಟ್ ಎಂಬ ಬಾಡಿಗೆ ಬೇಟೆಗಾರನ ಗೊಂಬೆಯನ್ನು ಕೆನ್ನರ್ ಉಚಿತವಾಗಿ ಕೊಡುವುದಾಗಿ ಹೇಳಿತು. ಬೇರೆ ನಾಲ್ಕು ಗೊಂಬೆಗಳನ್ನು ಕೊಂಡು ಅವುಗಳ ಕಾರ್ಡಿನ ಗುರುತು ಕತ್ತರಿಸಿ ಕಳಿಸಬೇಕು, ಅಷ್ಟೆ. ಬೆನ್ನಿನಿಂದ ಕೆಂಪು ರಾಕೆಟ್ ಹಾರಿಸುವ ಗೊಂಬೆ ಎಂದು ಪ್ರಚಾರ. ಆ ವೇಳೆಗೆ ಇನ್ನೊಂದು ಕಂಪನಿಯ ಬಾಹ್ಯಾಕಾಶ ಆಟಿಕೆಯಿಂದ ಹಾರಿದ ಪುಟ್ಟ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಕೆನ್ನರ್ ಹೆದರಿತು. ಮಕ್ಕಳ ಮನೆಗೆ ಬಂದ ಬೋಬಾ ಫೆಟ್‌ನ ಬೆನ್ನಲ್ಲಿ ರಾಕೆಟ್ಟನ್ನು ಅಲುಗದಂತೆ ಅಂಟಿಸಿಬಿಟ್ಟಿದ್ದರು. ರಾಕೆಟ್ ಹಾರಿಸುವ ಮಾದರಿಗಳು ಕಂಪನಿಯೊಳಗೆ ಉಳಿದವು ಕೆಲವೇ ಕೆಲವು. ಅವುಗಳಲ್ಲಿ ಕೈಯಿಂದ ಬಣ್ಣ ಬಳಿದ ಒಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಅಂಗೈಯಗಲದ ಪ್ಲಾಸ್ಟಿಕ್ಕಿಗೆ ನಾಲ್ಕು ಕೋಟಿ ರೂಪಾಯಿಗೂ ಮಿಕ್ಕಿ. ಅಮ್ಮನಿಗೆ ಈ ಅಂಕಿ ನಾನಿನ್ನೂ ಹೇಳಿಲ್ಲ.

1980ರಲ್ಲಿ ಸಿನಿಮಾ ಬಂದಾಗ ಬೋಬಾ ಫೆಟ್ ಅದರಲ್ಲಿ ಆಡಿದ್ದು ಬೆರಳೆಣಿಕೆಯ ಮಾತು. ಆದರೂ ಇಂದಿಗೂ ಅವನೆಂದರೆ ಸಾಯುವ ಅಭಿಮಾನಿಗಳಿದ್ದಾರೆ. ನನ್ನ ಅಂದಾಜು ಕೇಳಿದರೆ, ಒಂದು ವರ್ಷ ಅಂಚೆಯವನ ದಾರಿ ಕಾಯುತ್ತಾ ಮಕ್ಕಳು ಅವನಿಗೆ ತಾವೇ ಕತೆ ಕಟ್ಟಿದ್ದರು. ಸಿನಿಮಾದವರು ಆಮೇಲೆ ಕೊಟ್ಟದ್ದು ಬರೀ ಒಗ್ಗರಣೆ.

ಅರ್ಧ ಫೋಟೊ ನೋಡಿ ಮಾಡಿದ ಗೊಂಬೆ

ಗೊಂಬೆ ಯಾಕೆ ಸಿನಿಮಾಕ್ಕಿಂತ ಮುಂಚೆ ಸಿದ್ಧವಾಗುತ್ತದೆ ಎನ್ನುವುದಕ್ಕೆ ಕಾರಣ ಉಕ್ಕಿನಲ್ಲಿದೆ.

ಶಿಲ್ಪಿ ಈಗ ಜೇಡಿಮಣ್ಣಿನ ಬದಲು ಕಂಪ್ಯೂಟರಿನಲ್ಲಿ ಮೂರ್ತಿ ಕಡೆಯುತ್ತಾನೆ. ಅದರ 3ಡಿ ಪ್ರಿಂಟ್ ತೆಗೆದು ಸ್ಟುಡಿಯೊಗೆ ತೋರಿಸಬೇಕು. ನಟನ ಮುಖ ಬಳಸುವುದಾದರೆ ಮುಖದ ಹೋಲಿಕೆಗೂ ಒಪ್ಪಿಗೆ ಬೇಕು; ಮೂಗು ದಪ್ಪವಾಯಿತು, ಗದ್ದ ಸಣ್ಣದಾಯಿತು ಎಂದು ವಾಪಸು ಬರುವುದುಂಟು. ಒಪ್ಪಿಗೆ ಸಿಕ್ಕ ಮೇಲೆ ಗೊಂಬೆಯನ್ನು ತಲೆ, ಮುಂಡ, ಮೊಣಕೈ, ಅಂಗೈ ಎಂದು ಹತ್ತಾರು ತುಂಡು ಮಾಡಿ, ಪ್ರತಿ ತುಂಡಿಗೂ ಉಕ್ಕಿನ ಅಚ್ಚು ಕೊರೆಯುತ್ತಾರೆ. ಕಾದು ಕರಗಿದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಲ್ಲಿ ಆ ಅಚ್ಚಿನೊಳಗೆ ನುಗ್ಗಿಸಿದರೆ ತುಂಡುಗಳು ಉದುರುತ್ತವೆ. ಇಡೀ ಕೆಲಸದಲ್ಲಿ ದುಬಾರಿ ಇದೇ ಅಚ್ಚು. ಒಂದೇ ಗೊಂಬೆಯ ಅಚ್ಚುಗಳಿಗೆ ಹತ್ತಾರು ಸಾವಿರ ಡಾಲರ್ ಸುರಿಯಬೇಕು. ಕೊರೆದ ಮೇಲೆ ತಿದ್ದುವುದು ಕಷ್ಟ. ಉಕ್ಕನ್ನು ಕೆತ್ತಿ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಸೇರಿಸುವುದು ಸುಲಭವಲ್ಲ. ಅಲ್ಲಿಂದ ಮುಂದೆ ಬಣ್ಣ, ಜೋಡಣೆ, ಪರೀಕ್ಷೆ, ಚೀನಾದಿಂದಲೋ ವಿಯೆಟ್ನಾಮಿನಿಂದಲೋ ಹಡಗು. ಒಟ್ಟು ಒಂದರಿಂದ ಒಂದೂವರೆ ವರ್ಷ.

ಬಿಡುಗಡೆಯ ದಿನ ಅಂಗಡಿಯಲ್ಲಿ ಗೊಂಬೆ ಇರಬೇಕೆಂದರೆ ಒಂದೂವರೆ ವರ್ಷ ಹಿಂದಕ್ಕೆ ಎಣಿಸಿ. ಆಗ ಸಿನಿಮಾದ ಚಿತ್ರೀಕರಣ ಇನ್ನೂ ನಡೆಯುತ್ತಿರುತ್ತದೆ, ಕೆಲವೊಮ್ಮೆ ಶುರುವೂ ಆಗಿರುವುದಿಲ್ಲ. ಗೊಂಬೆ ಕಂಪನಿಯ ಕೈಗೆ ಸಿಗುವುದು ವೇಷಭೂಷಣದ ಚಿತ್ರಗಳು, ಅಲ್ಲೊಂದು ಇಲ್ಲೊಂದು ಫೋಟೊ. ಕತೆ ಹೇಳುವವರಿಲ್ಲ. ಸಿನಿಮಾ ಹೀಗಿರಬಹುದು ಎಂದು ಊಹಿಸಿ ಮಾಡಿದ ಗೊಂಬೆ ಅದು.

ಊಹೆ ತಪ್ಪಿದರೆ? 1978ರಲ್ಲಿ ಕೆನ್ನರ್‌ನವರಿಗೆ 'ಸ್ಟಾರ್ ವಾರ್ಸ್'ನ ಒಂದು ಪುಟ್ಟ ಪಾತ್ರದ ಕಪ್ಪುಬಿಳುಪು ಫೋಟೊ ಸಿಕ್ಕಿತು. ಹೆಂಡದಂಗಡಿಯ ದೃಶ್ಯದಲ್ಲಿ ಬರುವ, ಕೋರೆಹಲ್ಲಿನ ಒಂದು ಅನ್ಯಗ್ರಹದ ಜೀವಿ. ಫೋಟೊದಲ್ಲಿ ಇದ್ದದ್ದು ಸೊಂಟದಿಂದ ಮೇಲೆ ಮಾತ್ರ. ಶಿಲ್ಪಿ ಉಳಿದರ್ಧವನ್ನು ತಾನೇ ಕಲ್ಪಿಸಿಕೊಂಡ: ಎತ್ತರದ ಆಳು, ನೀಲಿ ಉಡುಪು, ಕಾಲಿಗೆ ಬೆಳ್ಳಿ ಬಣ್ಣದ ಬೂಟು. ಗೊಂಬೆ ಅಂಗಡಿಗೆ ಬಂದ ಮೇಲೆ ಗೊತ್ತಾಯಿತು, ಸಿನಿಮಾದಲ್ಲಿ ಅವನು ಕುಳ್ಳ, ಉಡುಪು ಕೆಂಪು, ಬೂಟೇ ಇಲ್ಲ! ಆಮೇಲೆ ತಿದ್ದಿ ಕೆಂಪು ಕುಳ್ಳನನ್ನು ಮಾಡಿದರು. ಒಂದು ಅಂಗಡಿ ಸರಣಿಗೆಂದು ಮಾಡಿದ ಸೆಟ್ಟಿನಲ್ಲಿ ಮಾತ್ರ ಹೊರಬಂದಿದ್ದ ಆ ನೀಲಿ ಉದ್ದನವನನ್ನು ಈಗ ಸಂಗ್ರಹಕಾರರು 'ಬ್ಲೂ ಸ್ನ್ಯಾಗಲ್‌ಟೂತ್' ಎಂದು ಹೆಸರಿಟ್ಟು ಹುಡುಕುತ್ತಾರೆ. ತಪ್ಪೇ ಬೆಲೆಬಾಳುವ ಏಕೈಕ ಹವ್ಯಾಸ ನಮ್ಮದು ಎನ್ನೋಣವೆಂದರೆ ಅಂಚೆಚೀಟಿಯವರು ಜಗಳಕ್ಕೆ ಬಂದಾರು.

ಈಗಲೂ ಇದು ನಿಂತಿಲ್ಲ. 2018ರ 'ಅವೆಂಜರ್ಸ್: ಇನ್ಫಿನಿಟಿ ವಾರ್' ಹೊತ್ತಿಗೆ ಹಲ್ಕ್ ಎಂಬ ಹಸಿರು ದೈತ್ಯ ತನ್ನ ಲೋಹಕವಚವನ್ನು ಸೀಳಿಕೊಂಡು ಹೊರಬರುವ ದೃಶ್ಯದ ಗೊಂಬೆಯನ್ನು ಫಂಕೊ ಕಂಪನಿ ಮಾರಿತು. ಸಿನಿಮಾ ನೋಡಲು ಹೋದವರಿಗೆ ಆ ದೃಶ್ಯ ಸಿಗಲೇ ಇಲ್ಲ. ಅದನ್ನು ಕೈಬಿಟ್ಟು ಕತೆಯನ್ನು ಬೇರೆ ದಾರಿಗೆ ತಿರುಗಿಸಿದ್ದರು. ಅಚ್ಚು ಕೊರೆದಾಗಿತ್ತು, ಗೊಂಬೆ ಹಡಗು ಹತ್ತಿಯಾಗಿತ್ತು. 'ಬ್ಲ್ಯಾಕ್ ವಿಡೋ' ಸಿನಿಮಾದ್ದು ಇನ್ನೊಂದು ಪಾಡು. 2020ರ ಮೇ 1ಕ್ಕೆ ಬರಬೇಕಿದ್ದದ್ದು ಕೊರೊನಾದಿಂದ 2021ರ ಜುಲೈಗೆ ಹೋಯಿತು. ಗೊಂಬೆಗಳು ಮಾತ್ರ ತಮ್ಮ ಪಾಡಿಗೆ 2020ರಲ್ಲೇ ಬಂದವು. ಮುಖವಾಡದ ಖಳನನ್ನು ಒಂದು ವರ್ಷ ಕಪಾಟಿನಲ್ಲಿಟ್ಟುಕೊಂಡು, ಒಳಗಿರುವವರು ಯಾರಿರಬಹುದು ಎಂದು ನಾವು ವಾದಿಸಿದ್ದೇ ವಾದಿಸಿದ್ದು.

ಗೊಂಬೆಯಿಂದಲೇ ಗುಟ್ಟು ಬಯಲಾಗುವುದೂ ಈ ಕಾರಣಕ್ಕೆ. ಕಾರ್ಖಾನೆಯಿಂದಲೋ ಅಂಗಡಿಯ ಪಟ್ಟಿಯಿಂದಲೋ ಒಂದು ಫೋಟೊ ಸೋರಿತು ಅಂದರೆ ಇಡೀ ಕ್ಲೈಮ್ಯಾಕ್ಸ್ ಬೀದಿಗೆ ಬಿತ್ತು. 2019ರಲ್ಲಿ 'ದಿ ಮ್ಯಾಂಡಲೋರಿಯನ್' ಧಾರಾವಾಹಿಯ ಹಸಿರು ಕಿವಿಯ ಮಗುವಿನ ಗುಟ್ಟು ಉಳಿಯಲೆಂದು ಅದನ್ನು ಕಟ್ಟಿದ ಜಾನ್ ಫೆವ್ರೊ ಆಟಿಕೆಗಳನ್ನೇ ತಡೆಹಿಡಿಸಿದರು. ಮೊದಲ ಕಂತು ಬಂದ ಮರುದಿನದಿಂದ ಜಗತ್ತೆಲ್ಲ ಆ ಮಗುವಿಗೆ ಮರುಳಾಯಿತು. ಆ ಕ್ರಿಸ್‌ಮಸ್ಸಿಗೆ ಅಂಗಡಿಗಳಲ್ಲಿ ಅದರ ಗೊಂಬೆ ಇರಲಿಲ್ಲ. 1977 ಮರುಕಳಿಸಿದಂತೆ, ಮತ್ತೆ ಪ್ರೀ-ಆರ್ಡರ್, ಮತ್ತೆ ಮುಂದಿನ ವರ್ಷ. ವ್ಯತ್ಯಾಸವೆಂದರೆ ಈ ಸಲ ತಡವನ್ನು ಬೇಕೆಂದೇ ಮಾಡಿಕೊಂಡದ್ದು.

ಇಂಚಿನ ಲೆಕ್ಕ, ಕೀಲಿನ ಲೆಕ್ಕ

ಅಮ್ಮನ ಮೆಟ್ಟಿಲುಗಳಲ್ಲಿ ಪಟ್ಟದ ರಾಜನಿಗಿಂತ ಪಕ್ಕದ ಆನೆ ಸಣ್ಣದು, ಶೆಟ್ಟರ ಮುಂದಿನ ಬೇಳೆಕಾಳು ಅವರ ತಲೆಯಷ್ಟು ದೊಡ್ಡದು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಪೈಕಿ ಮಾತ್ರ ಕಾಲಿಂಚು ಹೆಚ್ಚುಕಮ್ಮಿಯಾದರೆ ಮಹಾಯುದ್ಧ.

ಲೆಕ್ಕ ಸುಲಭವಿದೆ. ಆರಡಿ ಮನುಷ್ಯ ಎಂದರೆ 72 ಇಂಚು. ಹನ್ನೆರಡರಿಂದ ಭಾಗಿಸಿದರೆ ಆರಿಂಚಿನ ಗೊಂಬೆ. ಹಾಗಾಗಿ ಅದು 1:12. ಹದಿನೆಂಟರಿಂದ ಭಾಗಿಸಿದರೆ ನಾಲ್ಕಿಂಚು. ಕೆನ್ನರ್‌ನ ಮೂರೂಮುಕ್ಕಾಲು ಇಂಚಿನವು ಈ 1:18ರ ಹತ್ತಿರದವು. ಆರರಿಂದ ಭಾಗಿಸಿದರೆ ಒಂದಡಿಯ ಗೊಂಬೆ, 1:6. ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಮಾಡುವ, ನಿಜವಾದ ಬಟ್ಟೆ ತೊಡಿಸಿದ, ಕಣ್ಣುಗುಡ್ಡೆಯನ್ನೂ ಹೊರಳಿಸಬಹುದಾದ ಗೊಂಬೆಗಳು ಈ ಅಳತೆಯವು. ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಒಂದಕ್ಕೆ ಮೂವತ್ತು ಸಾವಿರ ದಾಟುವುದು ಮಾಮೂಲು. ಇವು ನನ್ನ ಕಪಾಟಿನಲ್ಲಿಲ್ಲ. ಇನ್ನೊಬ್ಬರ ಮನೆಗೆ ಹೋದಾಗ ಕೈ ಕಟ್ಟಿಕೊಂಡು ನೋಡುತ್ತೇನೆ.

1977ರವರೆಗೆ ಹುಡುಗರ ಗೊಂಬೆ ಎಂದರೆ ಹೆಚ್ಚಾಗಿ ಎಂಟಿಂಚಿನದೋ ಒಂದಡಿಯದೋ. ಕೆನ್ನರ್ ಯಾಕೆ ಮೂರೂಮುಕ್ಕಾಲಿಗೆ ಇಳಿಯಿತು? ಅದರ ಮುಖ್ಯಸ್ಥ ಬರ್ನಾರ್ಡ್ ಲೂಮಿಸ್ ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಹಿಡಿದು "ಇಷ್ಟಿರಲಿ" ಎಂದರೆಂಬ ಕತೆ ಉದ್ಯಮದಲ್ಲಿ ಪ್ರಸಿದ್ಧ. ಬೆರಳಿನ ಕತೆ ಹೇಗೇ ಇರಲಿ, ಹಿಂದಿನ ತರ್ಕ ಗಟ್ಟಿ. 'ಸ್ಟಾರ್ ವಾರ್ಸ್'ನ ಜೀವ ಇರುವುದು ಅಂತರಿಕ್ಷ ನೌಕೆಗಳಲ್ಲಿ. ಗೊಂಬೆಗಳು ನೌಕೆಯೊಳಗೆ ಕೂರಬೇಕು. ಮಿಲೇನಿಯಂ ಫಾಲ್ಕನ್ ನೌಕೆಯ ಉದ್ದ ಸುಮಾರು 35 ಮೀಟರ್ ಎಂದಿಟ್ಟುಕೊಂಡರೆ, ಒಂದಡಿ ಗೊಂಬೆಗೆ ಹೊಂದುವ ನೌಕೆ ಆರು ಮೀಟರಿನ ಹತ್ತಿರ ಹೋಗುತ್ತದೆ. ಹಾಲಿನಲ್ಲಿ ಅದನ್ನಿಟ್ಟರೆ ಮನೆಯವರು ಅಂಗಳದಲ್ಲಿ ಮಲಗಬೇಕು. ಗೊಂಬೆ ಸಣ್ಣದಾದರೂ ನೌಕೆಯ ಅಳತೆಯನ್ನು ಇನ್ನಷ್ಟು ಕುಗ್ಗಿಸಿಯೇ ಮಾರಬೇಕಾಯಿತು. ಗೊಂಬೆ ಅಗ್ಗವಾದದ್ದರಿಂದ ಒಂದು ಕೊಳ್ಳುವವರು ಐದು ಕೊಂಡರು. ಕೂಡಿಡುವ ಚಟ ಹುಟ್ಟಿದ್ದು ಅಲ್ಲಿ.

ಆ ಹಳೆಯವಕ್ಕೆ ಐದೇ ಕೀಲು: ಕುತ್ತಿಗೆ, ಎರಡು ಭುಜ, ಎರಡು ತೊಡೆಯ ಸಂದು. ಕೂರಿಸಿದರೆ ಕಾಲು ನೀಟಾಗಿ ಚಾಚಿ ಕೂರುತ್ತಿದ್ದವು. ಈಗಿನ ಆರಿಂಚಿನವಕ್ಕೆ ಇಪ್ಪತ್ತಕ್ಕೂ ಮೇಲೆ. ಮೊಣಕೈಗೆ ಎರಡೆರಡು ಮಡಿಕೆ, ಹಿಮ್ಮಡಿ ಒಳಕ್ಕೂ ಹೊರಕ್ಕೂ ವಾಲುತ್ತದೆ, ಭುಜ ಎದೆಯ ಕಡೆಗೆ ಚಿಟ್ಟೆಯ ರೆಕ್ಕೆಯಂತೆ ಮಡಚುತ್ತದೆ. ಕೀಲಿಗೆ ಗಟ್ಟಿ ಪ್ಲಾಸ್ಟಿಕ್, ಮೇಲಂಗಿ ಕೂದಲಿಗೆ ಮೆದುವಾದ ಪಿವಿಸಿ. ಕೀಲು ಹೆಚ್ಚಿದಷ್ಟೂ ನಿಲುವು ಚೆಂದ, ಆದರೆ ಮೈ ತುಂಬ ಗೆರೆಗಳು ಬಿದ್ದು ಮೂರ್ತಿಯ ಅಂದ ಕೆಡುತ್ತದೆ. ಕೀಲು ಬೇಕೋ ಅಂದ ಬೇಕೋ ಎನ್ನುವುದು ನಮ್ಮಲ್ಲಿ ಮುಗಿಯದ ದ್ವೈತಾದ್ವೈತ. ನಾನು ಕೀಲಿನ ಪಕ್ಷ.

ಫೋಟೊದಲ್ಲಿ ಇದ್ದವನು ಡಬ್ಬದಲ್ಲಿ ಯಾಕಿಲ್ಲ

ಮುಂಗಡ ಕಟ್ಟುವಾಗ ನಾವು ನೋಡುವ ಫೋಟೊ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಬಂದ ಗೊಂಬೆಯದಲ್ಲ. ಪಳಗಿದ ಕೈಯೊಬ್ಬರು ದಿನಗಟ್ಟಲೆ ಕೂತು ಬಣ್ಣ ಬಳಿದ ಮಾದರಿಯದು. ಹೆಣ್ಣು ನೋಡಲು ಕಳಿಸುವ ಸ್ಟುಡಿಯೊ ಫೋಟೊದ ಹಾಗೆ. ಕಾರ್ಖಾನೆಯಲ್ಲಿ ಅದೇ ಮುಖ ಸಾವಿರ ಸಾವಿರ ಸಲ ಆಗಬೇಕು. ಒಬ್ಬರು ಹುಬ್ಬು, ಒಬ್ಬರು ತುಟಿ, ಒಂದೊಂದಕ್ಕೆ ಕೆಲವೇ ಕ್ಷಣ. ಕಣ್ಣನ್ನು ರಬ್ಬರ್ ಮೊಹರಿನಂಥ ಮೆತ್ತೆಯಿಂದ ಒತ್ತುತ್ತಾರೆ. ಮೆತ್ತೆ ಕೂದಲೆಳೆಯಷ್ಟು ಸರಿದರೆ ವೀರಾಧಿವೀರನಿಗೆ ಮೆಳ್ಳೆಗಣ್ಣು.

2017-18ರ ಸುಮಾರಿಗೆ ಹ್ಯಾಸ್ಬ್ರೊದಂಥ ಕಂಪನಿಗಳು ಮುಖವನ್ನು ಬಳಿಯುವ ಬದಲು ಮುದ್ರಿಸತೊಡಗಿದವು. ಬಣ್ಣದ ಚಿಕ್ಕ ಚಿಕ್ಕ ಚುಕ್ಕೆಗಳನ್ನು ಪ್ಲಾಸ್ಟಿಕ್ಕಿನ ಮುಖದ ಮೇಲೇ ಸಿಂಪಡಿಸುತ್ತದೆ ಯಂತ್ರ. ಕೆನ್ನೆಯ ಕೆಂಪು, ಗಡ್ಡದ ನೆರಳು, ಕಣ್ಣಿನ ಹೊಳಪು ಎಲ್ಲ ಬಂತು. ಸಾಧಾರಣ ಬೆಲೆಯ ಗೊಂಬೆಯಲ್ಲಿ ನಟನ ಗುರುತು ಸಿಗತೊಡಗಿದ್ದು ಆಮೇಲೆಯೇ. ಆದರೂ ಮುದ್ರಣ ಆಚೀಚೆ ಸರಿದ ಗೊಂಬೆಗಳು ಬರುತ್ತವೆ. ವಿದೇಶದಲ್ಲಿ ಅಂಗಡಿಗೆ ಹೋಗಿ ಕೊಳ್ಳುವವರು ಆರು ಡಬ್ಬ ಸಾಲಾಗಿಟ್ಟು, ತರಕಾರಿ ಆರಿಸುವಂತೆ, ಒಳ್ಳೆ ಮುಖದ್ದನ್ನು ಆರಿಸಿಕೊಳ್ಳುತ್ತಾರೆ. ಅಂಚೆಯಲ್ಲಿ ತರಿಸುವ ನಮಗೆ ಬಂದದ್ದೇ ಪ್ರಸಾದ.

ಇಷ್ಟೆಲ್ಲ ಊಹೆ, ಇಷ್ಟೊಂದು ಖರ್ಚಿನ ಅಚ್ಚು, ಮೇಲೆ ಹಕ್ಕಿನ ಹಣ. ಹಕ್ಕು ಪಡೆಯಲು ಕಂಪನಿ ಸ್ಟುಡಿಯೊಗೆ ಮಾರಾಟದ ಪಾಲು ಕೊಡಬೇಕು, ಜತೆಗೆ ಗೊಂಬೆ ಮಾರಾಟವಾಗದಿದ್ದರೂ ಇಷ್ಟು ಕೊಟ್ಟೇ ಕೊಡುತ್ತೇವೆ ಎಂದು ಕನಿಷ್ಠ ಮೊತ್ತವೊಂದನ್ನು ಒಪ್ಪಿಕೊಂಡಿರುತ್ತದೆ. ಸಿನಿಮಾ ಮಕಾಡೆ ಮಲಗಿದರೆ ಕಂಪನಿಯೂ ಮಲಗಿದಂತೆ. ಆದ್ದರಿಂದಲೇ ಪ್ರೀ-ಆರ್ಡರ್ ಅವರಿಗೆ ಅಷ್ಟು ಪ್ರಿಯ: ಎಷ್ಟು ಮಾಡಬೇಕೆಂದು ಅಚ್ಚಿಗೆ ಪ್ಲಾಸ್ಟಿಕ್ ಸುರಿಯುವ ಮೊದಲೇ ತಿಳಿಯುತ್ತದೆ. ಹ್ಯಾಸ್ಬ್ರೊ ಇದನ್ನು 2018ರಲ್ಲಿ ಕೊನೆಯ ಹಂತಕ್ಕೆ ಒಯ್ದಿತು. 'ಸ್ಟಾರ್ ವಾರ್ಸ್'ನ ಜಬ್ಬಾ ಎಂಬ ಖಳನ ನಾಲ್ಕಡಿ ಉದ್ದದ ತೇಲುವ ದೋಣಿ, ಬೆಲೆ 499.99 ಡಾಲರ್, 5,000 ಜನ ಮುಂಗಡ ಒಪ್ಪಿದರೆ ಮಾತ್ರ ಮಾಡುತ್ತೇವೆ ಎಂದಿತು. 8,810 ಮಂದಿ ಒಪ್ಪಿದರು. 2021ರಲ್ಲಿ ಅದೇ ರೀತಿ ರ್‍ಯಾಂಕರ್ ಎಂಬ ರಾಕ್ಷಸ ಪ್ರಾಣಿಗೆ 9,000 ಜನರನ್ನು ಕೇಳಿದಾಗ ಸಂಖ್ಯೆ ಮುಟ್ಟಲಿಲ್ಲ. ಪ್ರಾಣಿ ಹುಟ್ಟಲೇ ಇಲ್ಲ. ಮಾದರಿಯ ಫೋಟೊಗಳು ಮಾತ್ರ ಉಳಿದಿವೆ.

ಮನುಷ್ಯನಾದರೆ ಒಂದು ಸುಂಕ, ಮ್ಯುಟಂಟ್ ಆದರೆ ಇನ್ನೊಂದು

'ಆ್ಯಕ್ಷನ್ ಫಿಗರ್' ಎಂಬ ಹೆಸರೇ ಒಂದು ಸಂಕೋಚದಿಂದ ಹುಟ್ಟಿದ್ದು. 1964ರಲ್ಲಿ ಹ್ಯಾಸ್ಬ್ರೊ 'ಜಿ.ಐ. ಜೋ' ಎಂಬ ಸೈನಿಕನ ಗೊಂಬೆ ತಂದಾಗ, ಗಂಡುಹುಡುಗರಿಗೆ ಗೊಂಬೆ ಕೊಡಿಸುವ ಅಪ್ಪಂದಿರು ಯಾರು ಎಂಬ ಭಯವಿತ್ತು. ಗೊಂಬೆ ಎನ್ನಬೇಡಿ, ಆ್ಯಕ್ಷನ್ ಫಿಗರ್ ಎನ್ನಿ ಎಂದು ಮಾರಿದರು. ಸುಂಕದವರು ಕೇಳಬೇಕಲ್ಲ! ಅಮೆರಿಕದಲ್ಲಿ ಗೊಂಬೆಯ ಆಮದಿಗೆ ಸುಂಕ ಹೆಚ್ಚಿತ್ತು. ಜಿ.ಐ. ಜೋ ಗೊಂಬೆಯಲ್ಲ ಎಂದು ಕಂಪನಿ ಕೋರ್ಟಿಗೆ ಹೋಯಿತು. 1989ರಲ್ಲಿ ಮೇಲಿನ ಕೋರ್ಟೂ ಅದು ಗೊಂಬೆಯೇ ಎಂದು ಹೇಳಿತು.

ಆಮೇಲೆ ಟಾಯ್ ಬಿಜ್ ಎಂಬ ಕಂಪನಿಯ ಸರದಿ. ಅವರದು ಎಕ್ಸ್-ಮೆನ್ ಸರಣಿಯ ಗೊಂಬೆಗಳು. ಆಗಿನ ನಿಯಮದ ಪ್ರಕಾರ ಮನುಷ್ಯನನ್ನು ಹೋಲುವುದು ಗೊಂಬೆ, ಅದಕ್ಕೆ ಶೇ 12 ಸುಂಕ; ಪ್ರಾಣಿ, ರಾಕ್ಷಸ, ಯಂತ್ರಮಾನವ ಇತ್ಯಾದಿ ಆಟಿಕೆ, ಅದಕ್ಕೆ ಶೇ 6.8. ನಮ್ಮ ಪಾತ್ರಗಳು ಮ್ಯುಟಂಟ್‌ಗಳು, ಅಂದರೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದವರು, ಅವರು ಮನುಷ್ಯರಲ್ಲ ಎಂದು ಕಂಪನಿಯ ವಾದ. ನ್ಯಾಯಾಧೀಶರು ಗೊಂಬೆಗಳನ್ನು ಒಂದೊಂದಾಗಿ ಪರಿಶೀಲಿಸಿ 2003ರಲ್ಲಿ ತೀರ್ಪು ಕೊಟ್ಟರು: ಹೌದು, ಇವರು ಮನುಷ್ಯರಲ್ಲ. ಕಂಪನಿ ಗೆದ್ದಿತು. ಅಭಿಮಾನಿಗಳಿಗೆ ಎದೆ ಒಡೆಯಿತು. ಆ ಪಾತ್ರಗಳು ಕತೆಯುದ್ದಕ್ಕೂ ಗೋಗರೆಯುವುದು 'ನಾವೂ ಮನುಷ್ಯರೇ' ಎಂದು!

ನಮ್ಮ ಕಡೆಗೆ ಬಂದರೆ ಮನುಷ್ಯನೋ ಮ್ಯುಟಂಟೋ ಎಂಬ ಭೇದವಿಲ್ಲ, ಎಲ್ಲಕ್ಕೂ ಬರೆ. ಆಮದಾಗುವ ಆಟಿಕೆಗಳ ಮೂಲ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಇಲ್ಲಿನ ಆಟಿಕೆ ಉದ್ಯಮ ಬೆಳೆಯಲಿ, ಮಕ್ಕಳಿಗೆ ವಿಷದ ಬಣ್ಣ ಬಾರದಿರಲಿ ಎಂಬ ಉದ್ದೇಶ, ತಪ್ಪೆನ್ನಲಾರೆ. ಸಂಗ್ರಹಕಾರನ ಜೇಬಿಗೆ ಅದು ತೂತು ಕೊರೆದದ್ದೂ ಸುಳ್ಳಲ್ಲ. ಬೆಳಗಾವಿಯ ಏಕಸ್ ಕಂಪನಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟುತ್ತಿದೆ ಎಂದು 2020ರಲ್ಲಿ ಕೇಳಿದಾಗ ನನಗೆ ಮೊದಲು ಹೊಳೆದದ್ದು, ಕಿನ್ನಾಳದ ಗೊಂಬೆಯ ನೆಲದಲ್ಲಿ ಇನ್ನೊಂದು ಜಾತಿಯ ಗೊಂಬೆ ಹುಟ್ಟಲಿದೆ ಎಂದು.

ಭಾರತದಲ್ಲಿ ಇಂಥವು ಆಗುವುದು ಹೊಸದೂ ಅಲ್ಲ. ಎಂಆರ್‌ಎಫ್ ಟಯರಿನವರ ಫನ್‌ಸ್ಕೂಲ್ ಗೋವಾದ ಕಾರ್ಖಾನೆಯಲ್ಲಿ ಜಿ.ಐ. ಜೋ ಗೊಂಬೆಗಳನ್ನು ವರ್ಷಗಟ್ಟಲೆ ಮಾಡಿತ್ತು. ಅಮೆರಿಕದ ಅಚ್ಚು, ನಮ್ಮ ಬಣ್ಣ. ಅಲ್ಲಿ ಹಸಿರು ಉಟ್ಟ ಸೈನಿಕ ಇಲ್ಲಿ ಬೇರೆಯೇ ರಂಗಿನಲ್ಲಿ ಹೊರಬರುತ್ತಿದ್ದ. ತೊಂಬತ್ತರ ದಶಕದಲ್ಲಿ ಹುಟ್ಟುಹಬ್ಬಕ್ಕೆ ಅದನ್ನು ಪಡೆದ ನಮಗೆ ಅದೇ ಅಸಲಿ. ಈಗ ಅಮೆರಿಕದ ಸಂಗ್ರಹಕಾರರು ಆ 'ಇಂಡಿಯನ್' ಬಣ್ಣಗಳನ್ನು ಹುಡುಕಿ ಕೊಳ್ಳುತ್ತಾರೆ. ಆ ಗೊಂಬೆಗಳ ಸೊಂಟದೊಳಗೆ ಮೇಲಿನರ್ಧ ಕೆಳಗಿನರ್ಧವನ್ನು ಹಿಡಿದಿಡುವ ಒಂದು ರಬ್ಬರ್ ರಿಂಗ್ ಇರುತ್ತದೆ. ವಯಸ್ಸಾದಂತೆ ಅದು ಒಣಗಿ ತುಂಡಾಗುತ್ತದೆ, ಸೈನಿಕ ಎರಡು ಭಾಗವಾಗುತ್ತಾನೆ. ಬೆನ್ನಿನ ಸ್ಕ್ರೂ ಬಿಚ್ಚಿ, ನಲ್ಲಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಅದೇ ಅಳತೆಯ ರಿಂಗ್ ಹಾಕಿದರೆ ಮತ್ತೆ ಯುದ್ಧಕ್ಕೆ ಸಿದ್ಧ. ಅಳತೆಗೆಂದು ಗೊಂಬೆಯ ಕಾಲುಗಳನ್ನೇ ಕೌಂಟರಿನ ಮೇಲಿಟ್ಟ ದಿನ ಅಂಗಡಿಯವರು ನನ್ನನ್ನು ನೋಡಿದ ನೋಟ ಮರೆಯಲಾರೆ.

ಇನ್ನು ನನ್ನ ಮುಂಗಡದ ಗೊಂಬೆಯ ವಿಷಯ. ಕಳಿಸುವ ತಿಂಗಳು ಎರಡು ಸಲ ಮುಂದಕ್ಕೆ ಹೋಗಿ, ಕೊನೆಗೂ ಈ ದಸರೆಗೆ ನಾಲ್ಕು ದಿನ ಮೊದಲು ಬಂತು. ಸಿನಿಮಾ ಇನ್ನೂ ಬಂದಿಲ್ಲ. ಅದರ ದಿನಾಂಕವೂ ಮುಂದಕ್ಕೆ ಹೋಗಿದೆ. ಡಬ್ಬದೊಳಗೆ ಬಿಗಿಯಾಗಿ ಕೂತು ಬಂದದ್ದರಿಂದ ಕಾಲು ಸೊಟ್ಟಗಾಗಿತ್ತು. ಇದಕ್ಕೆ ಮನೆಮದ್ದು ಬಿಸಿನೀರು. ಕುದಿ ಇಳಿದ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿದರೆ ಪಿವಿಸಿ ಮೆದುವಾಗುತ್ತದೆ. ಹೊರತೆಗೆದು ಬೆರಳಲ್ಲಿ ನೆಟ್ಟಗೆ ಹಿಡಿದು ತಣ್ಣೀರಿಗೆ ಅದ್ದಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಅದನ್ನೇ ಮಾಡುತ್ತಿದ್ದೆ.

"ಅದು ಹಾಲು ಕಾಯಿಸೋ ಪಾತ್ರೆ ಕಣೋ!" ಎಂದು ಅಮ್ಮ ಕೂಗಿದರು. ಬೈದು ಮುಗಿದ ಮೇಲೆ ಗೊಂಬೆಯನ್ನು ಕೈಗೆ ತೆಗೆದುಕೊಂಡು, ಸೆರಗಿನಲ್ಲಿ ನೀರು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಮುಖ ನೋಡಿದರು. ಹುಬ್ಬು ನೋಡಿದರು. ಕತ್ತು ತಿರುಗಿಸಿ ನೋಡಿದರು.

"ಇವನು ಕೆಟ್ಟವನೇ ಕಣೋ. ಶೆಟ್ಟರ ಪಕ್ಕ ಇಡಬೇಡ, ಆ ಕಡೆ ಹುಲಿಯ ಹತ್ತಿರ ಇಡು."